ರಾಫುಲನ ಬಾಯಿಗೆ ಬಾರದ ‘ನಾನು’

ಜೆರುಸಲೇಮಿನ ನಮ್ಮ ಓಣಿಯಲ್ಲಿ ರಾಫುಲನಷ್ಟು ಚೆನ್ನಾಗಿ ಅಳುವವರು ಬೇರೆ ಯಾರೂ ಇರಲಿಲ್ಲ. ಅಲೆಪ್ಪೊ ಪಟ್ಟಣದಿಂದ ಬಂದ ಯೆಹೂದಿಗಳು ನಾವು; ನಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಪ್ರಾಯಶ್ಚಿತ್ತದ ಉಪವಾಸದ ದಿನ ಪ್ರಾರ್ಥನೆ ನಡೆಸುವವನು ಅವನೇ. ‘ನಾವೂ ನಮ್ಮ ಪಿತೃಗಳೂ ಪಾಪ ಮಾಡಿದ್ದೇವೆ’ ಎಂಬ ಮಾತು ಬಂತೆಂದರೆ ಅವನು ಎದೆ ಗುದ್ದಿಕೊಳ್ಳುವ ಸದ್ದು ಬೀದಿಗೆ ಕೇಳುತ್ತಿತ್ತು. ನಮ್ಮ ಮೂಲಪುರುಷ ಯಾಕೋಬನ ಮಗ ಯೋಸೇಫನನ್ನು ಒಡಹುಟ್ಟಿದವರೇ ಬಾವಿಗೆ ನೂಕಿ ಆಮೇಲೆ ಮಾರಿದರಲ್ಲ, ಆ ಪಾಪ ಇಂದಿಗೂ ನಮ್ಮ ಕುಲದ ತಲೆಯ ಮೇಲಿದೆ ಎಂದು ಗಡ್ಡ ತೊಯ್ಯುವಷ್ಟು ಅಳುತ್ತಿದ್ದ. ಮೇಲೆ ಮಹಡಿಯಲ್ಲಿ ಕೂತ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು.

ಈ ಮಹಾಶಯನಿಗೂ ಒಬ್ಬ ತಮ್ಮನಿದ್ದ, ಸೆಲೀಮ್. ಕ್ಷಯ ಹಿಡಿದು ಒಂದು ಚಳಿಗಾಲವೆಲ್ಲ ಆಸ್ಪತ್ರೆಯಲ್ಲಿದ್ದು ಬಂದಾಗ, ಅಪ್ಪ ಬಿಟ್ಟುಹೋದ ಮನೆಯಲ್ಲಿ ಅವನ ಕೋಣೆಗೆ ಅಣ್ಣನ ಬೀಗ ಬಿದ್ದಿತ್ತು. ಹಾಸಿಗೆ ಅಂಗಳದಲ್ಲಿ ನೆನೆಯುತ್ತಿತ್ತು. ಸೆಲೀಮನ ಹೆಂಡತಿ ಲತೀಫಾ ಅಲ್ಲೇ ಪಾತ್ರೆಗಳ ನಡುವೆ ಕೂತಿದ್ದಳು.

“ಮಗಳ ಮದುವೆ ಕಣೋ, ಅಳಿಯನಿಗೆ ಕೋಣೆ ಬೇಕು. ನಿನಗೇನು, ಎಲ್ಲಾದ್ರೂ ಇರ್ತೀಯ,” ಎಂದ ರಾಫುಲ್.

ಸೆಲೀಮ್ ಜಗಳವಾಡಲಿಲ್ಲ. ಸಂತೆಯ ಹಿಂದೆ ಬಿಸಿಲು ಕಾಣದ ಒಂದು ನೆಲಮಾಳಿಗೆ ಹಿಡಿದ. ಪ್ರತಿ ವರ್ಷ ಉಪವಾಸದ ಹಿಂದಿನ ದಿನ ರಾಫುಲ್ ಓಣಿಯ ಮನೆಮನೆಗೂ ಹೋಗಿ ಕ್ಷಮೆ ಕೇಳುತ್ತಿದ್ದ, ಒಮ್ಮೆ ನನ್ನ ಕೋಳಿಗೆ ಕಲ್ಲು ಹೊಡೆದದ್ದಕ್ಕೂ ಕೇಳಿದ್ದ. ತಮ್ಮನ ಬಾಗಿಲಿಗೆ ಮಾತ್ರ ಒಂದು ವರ್ಷವೂ ಹೋಗಲಿಲ್ಲ. ಆ ನೆಲಮಾಳಿಗೆಯ ಥಂಡಿಯಲ್ಲಿ ಕಾಯಿಲೆ ಮರುಕಳಿಸಿ ಸೆಲೀಮ್ ಸತ್ತ.

ಆಗ ರಾಫುಲನಿಗೆ ಭಯ ಹತ್ತಿತು. ನಮ್ಮ ಶಾಸ್ತ್ರದ ಪ್ರಕಾರ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಉಪವಾಸ ತೊಳೆಯುವುದಿಲ್ಲ, ಆ ಮನುಷ್ಯನೇ ಕ್ಷಮಿಸಬೇಕು. ಅವನು ಸತ್ತಿದ್ದರೆ ಹತ್ತು ಜನರನ್ನು ಕರೆದುಕೊಂಡು ಹೋಗಿ ಗೋರಿಯ ಮುಂದೆ ತಪ್ಪೊಪ್ಪಿಕೊಳ್ಳಬೇಕು. ರಾಫುಲ್ ಗೋರಿಗೆ ಕರೆದೊಯ್ದ ಹತ್ತು ಜನರಲ್ಲಿ ನಾನೂ ಒಬ್ಬ. ಲತೀಫಾ ತುಸು ದೂರದಲ್ಲಿ ನಿಂತಿದ್ದಳು.

ರಾಫುಲ್ ಚಪ್ಪಲಿ ಬಿಟ್ಟು, ಗಂಟಲು ಸರಿಮಾಡಿಕೊಂಡು ರಾಗವಾಗಿ ಶುರುಮಾಡಿದ: “ನಾವೂ ನಮ್ಮ ಪಿತೃಗಳೂ...”

“ನಿಲ್ಸಪ್ಪ,” ಎಂದರು ನಮ್ಮಲ್ಲೆಲ್ಲ ಹಿರಿಯರಾದ ಎಜ್ರಾ ತಾತ. “ನಾವು ಅಂದ್ರೆ ಯಾರು? ನಾನಂತೂ ಅವನ ಹಾಸಿಗೆ ಹೊರಗೆ ಎಸೀಲಿಲ್ಲ. ನಿಮ್ಮಪ್ಪ ಎಸೆದ್ನಾ?”

“ಪ್ರಾರ್ಥನೆ ಇರೋದೇ ಹಾಗೆ, ತಾತ.”

“ಇದು ಪ್ರಾರ್ಥನೆ ಅಲ್ಲ, ಭಾವ,” ಎಂದಳು ಲತೀಫಾ. “‘ನಾನು’ ಅನ್ನಿ. ‘ನಾನು ಸೆಲೀಮನ್ನ ಆಚೆ ಹಾಕ್ದೆ’ ಅನ್ನಿ. ಅಷ್ಟು ಸಾಕು.”

ರಾಫುಲ್ ಬಾಯಿ ತೆರೆದ, ಮುಚ್ಚಿದ. ಕೊನೆಗೆ, ಅಣ್ಣತಮ್ಮಂದಿರ ನಡುವೆ ಒಡಕು ತಂದದ್ದು ಯಾಕೋಬನ ಮಕ್ಕಳ ಕಾಲದ ಆ ಹಳೇ ಪಾಪವೇ ಎಂದು ಅತ್ತ. ಅಳು ಎಂದಿನಂತೆ ಚೆನ್ನಾಗಿತ್ತು. ತಪ್ಪೊಪ್ಪಿಗೆ ಕೇಳಿದ ಮೇಲೆ ಸತ್ತವನ ಪರವಾಗಿ ‘ಕ್ಷಮಿಸಿದೆ’ ಎಂದು ನಾವು ಮೂರು ಸಲ ಹೇಳಬೇಕಿತ್ತು. ಯಾರೂ ಬಾಯಿ ಬಿಡಲಿಲ್ಲ. ಎಜ್ರಾ ತಾತ ಸತ್ತವರಿಗೆ ಗೌರವ ತೋರುವ ನಮ್ಮ ಪದ್ಧತಿಯಂತೆ ಗೋರಿಯ ಮೇಲೊಂದು ಕಲ್ಲಿಟ್ಟು ನಡೆದರು, ನಾವೂ ಅವರ ಹಿಂದೆ ಹೊರಟೆವು.

ಆ ವರ್ಷವೂ ಪ್ರಾರ್ಥನೆ ನಡೆಸಿದವನು ರಾಫುಲನೇ. ಅಂಥ ಕಂಠ ನಮಗೆ ಬೇರೆ ಎಲ್ಲಿ ಸಿಗಬೇಕು? ಉಪವಾಸ ಮುಗಿದ ಮೇಲೆ ಹೆಂಡತಿಯ ಕೈಲಿ ಲತೀಫಾಳಿಗೆ ಒಂದು ತಟ್ಟೆ ಖರ್ಜೂರದ ಬಿಸ್ಕತ್ತು ಕಳಿಸಿದ. ಅವಳು ಅದನ್ನು ಅಕ್ಕಪಕ್ಕದವರಿಗೆ ಹಂಚಿ, ತಟ್ಟೆ ತೊಳೆದು ವಾಪಸು ಕೊಟ್ಟಳು. ನನ್ನ ಪಾಲಿಗೂ ಎರಡು ಬಂದವು. ಚೆನ್ನಾಗಿದ್ದವು, ತಿಂದೆ.