ಜನವರಿ ಒಂದರ ಕೆಳಗಿನ ಸೊನ್ನೆ

ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ವಯಸ್ಸು ನಲವತ್ನಾಲ್ಕು ದಾಟಿ, ಬೈತಲೆಯಲ್ಲಿ ಬೆಳ್ಳಿಗೆರೆ ಮೂಡಿದ ಮೇಲೂ ಅರ್ಧ ಊಟ ನಿಂತೇ ಆಗುತ್ತಿತ್ತು. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಚಪ್ಪಲಿ.

“ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀಯ ನೀನು,” ಎಂದು ತಾಯಿ ಗೊಣಗಿದರೆ, “ಹೆತ್ತೋಳು ನೀನೇ ಅಲ್ವಾ, ಆಗಲೇ ಬಿಚ್ಚಿಡ್ಬೇಕಿತ್ತು,” ಎಂಬ ಉತ್ತರ ಹೊಸ್ತಿಲಾಚೆಯಿಂದ ಬರುತ್ತಿತ್ತು.

ಆ ಚಕ್ರವೇ ಅವಳಿಗೆ ಅನ್ನ ಹಾಕಿತ್ತು. ಊರಿನ ಹೊರಗೆ, ಗಡಿ ದಾಟಿ ಬಂದ ನಿರಾಶ್ರಿತರ ವಸತಿ ಇತ್ತು. ಸಾಲು ಸಾಲು ತಗಡಿನ ಶೆಡ್ಡುಗಳು, ಅವುಗಳ ಮುಂದೆಯೇ ನೋಂದಣಿ ಕಚೇರಿ. ಅಲ್ಲಿನ ಮೂರನೇ ಕೌಂಟರಿನಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಳು. ಬಂದವರ ಹೆಸರು, ಹುಟ್ಟಿದ ದಿನ, ಬಿಟ್ಟು ಬಂದ ಊರು ಬರೆದುಕೊಳ್ಳುವುದು ಕೆಲಸ. ಪಕ್ಕದ ಕೌಂಟರಿನವರು ಒಂದು ಕುಟುಂಬ ಮುಗಿಸುವಷ್ಟರಲ್ಲಿ ಇವಳು ಮೂರು ಕುಟುಂಬ ಮುಗಿಸಿ ನಾಲ್ಕನೆಯವರನ್ನು ಕೂಗುತ್ತಿದ್ದಳು. ಬಿಸಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವರಿಗೆ ಅವಳ ಕೌಂಟರ್ ಎಂದರೆ ಪ್ರಾಣ. ಅದು ಅವಳಿಗೂ ಗೊತ್ತಿತ್ತು, ಕೊಂಚ ಬೀಗುತ್ತಲೂ ಇದ್ದಳು.

ಆ ಚುರುಕು ನೋಡಿಯೇ ಕಚೇರಿಯ ದೊಡ್ಡ ಸಾಹೇಬರು ಅವಳನ್ನು ಓದಲು ಕಳಿಸಿದ್ದು. ಅಂತರರಾಷ್ಟ್ರೀಯ ಅಭಿವೃದ್ಧಿ ಮತ್ತು ನಿರಾಶ್ರಿತರ ಸೇವೆ ಎಂಬ ಎರಡು ವರ್ಷದ ಸ್ನಾತಕೋತ್ತರ ಪದವಿ. “ಪಾಸಾಗಿ ಬನ್ನಿ, ನೋಂದಣಿ ವಿಭಾಗದ ಮುಖ್ಯಸ್ಥರ ಕುರ್ಚಿ ನಿಮಗೇ,” ಎಂದಿದ್ದರು. ಇಪ್ಪತ್ತೆರಡು ವರ್ಷದವರ ನಡುವೆ ಇವಳು ಕಡೆಯ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕ ಕೂರುತ್ತಿದ್ದಳು. ಮೊದಲ ತಿಂಗಳು ಅವರು ಆಂಟಿ ಎಂದರು. ನಿರಾಶ್ರಿತರ ಕಾನೂನಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬರೆದು ಎದ್ದು ಹೋದಳು ನೋಡಿ, ಅವತ್ತಿನಿಂದ ಅಕ್ಕಾ ಎಂದರು.

ಎರಡನೇ ವರ್ಷದ ನಡುವಿನ ಒಂದು ಮಧ್ಯಾಹ್ನ ಪ್ರೊಫೆಸರ್ ಮೇಡಂ ಹಳೆಯ ಕಡತಗಳ ಜೆರಾಕ್ಸ್ ಪ್ರತಿ ಹಂಚಿದರು. ಹೆಸರುಗಳ ಮೇಲೆ ಕಪ್ಪು ಬಳಿದಿತ್ತು. ಬೇರೆ ದೇಶದಲ್ಲಿ ನೆಲೆ ಕೇಳಿದ ಕುಟುಂಬಗಳ ಅರ್ಜಿ ಅವು; ಎಲ್ಲಕ್ಕೂ ‘ನಂಬಲರ್ಹವಲ್ಲ’ ಎಂಬ ಮುದ್ರೆ ಬಿದ್ದಿತ್ತು. ಸುಳ್ಳು ಎಲ್ಲಿದೆ ಎಂದು ಹುಡುಕುವುದು ಅವತ್ತಿನ ಪಾಠ.

“ಸಿಕ್ತು ಮೇಡಂ!” ಎಂದ ಮುಂದಿನ ಬೆಂಚಿನ ಕನ್ನಡಕದವನು. “ದೊಡ್ಡ ಮಗ ಜನವರಿ ಒಂದು, ಚಿಕ್ಕ ಮಗ ಅದೇ ವರ್ಷ ಮೇ ಇಪ್ಪತ್ತು. ಐದು ತಿಂಗಳು ತುಂಬೋದ್ರೊಳಗೆ ಎರಡು ಹೆರಿಗೆ! ಈ ತಾಯಿಗೆ ಪದಕ ಕೊಡ್ಬೇಕು.”

ತರಗತಿ ಗೊಳ್ಳೆಂದಿತು. ಇವಳೂ ನಗುತ್ತ ಕಡತದಲ್ಲಿದ್ದ ನೋಂದಣಿ ಹಾಳೆ ತಿರುವಿದಳು. ಆ ಜನವರಿ ಒಂದರ ಕೆಳಗೆ ಒಂದು ಸಣ್ಣ ಸೊನ್ನೆ ಇತ್ತು.

ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ ಒಂದು ಎಂದು ಬರೆಯುವುದು ಅವಳ ನೋಂದಣಿ ಕಚೇರಿಯ ಪದ್ಧತಿ. ಹೇಳಿದ ವಯಸ್ಸನ್ನು ನೋಂದಣಿಯ ವರ್ಷದಿಂದ ಕಳೆದು, ಉಳಿದ ವರ್ಷದ ಮೊದಲ ದಿನ ಹಾಕುವುದು. ಪಕ್ಕದಲ್ಲಿ ‘ಅಂದಾಜು’ ಎಂದು ಬರೆದು ಸಹಿ ಮಾಡಬೇಕು. ಸಾಲು ಗೇಟು ದಾಟಿ ನಿಂತಿರುವಾಗ ಅಷ್ಟು ಬರೆಯಲು ಯಾರಿಗೆ ಪುರಸೊತ್ತು? ಇವಳು ಅಂಕಿಯ ಕೆಳಗೊಂದು ಸೊನ್ನೆ ಸುತ್ತಿ ಮುಂದೆ ಹೋಗುತ್ತಿದ್ದಳು. ಸಂಜೆ ಕೂತು ಸೊನ್ನೆ ಇದ್ದಲ್ಲೆಲ್ಲ ‘ಅಂದಾಜು’ ಬರೆದರಾಯಿತು ಎಂಬ ಲೆಕ್ಕಾಚಾರ. ಸಂಜೆ ಕೂರುವ ಜಾಯಮಾನ ಅವಳದಾಗಿರಲಿಲ್ಲ. ಸೊನ್ನೆಯ ಅರ್ಥ ಅವಳೊಬ್ಬಳಿಗೇ ಗೊತ್ತಿತ್ತು. ಹಾಳೆ ನೋಡಿ ಕಂಪ್ಯೂಟರಿಗೆ ಏರಿಸಿದವರು ಅದನ್ನು ಪೆನ್ನಿನ ಕಲೆ ಎಂದು ಬಿಟ್ಟಿದ್ದರು.

ತಂದೆಯ ಕಸುಬಿನ ಜಾಗದಲ್ಲಿ ‘ದರ್ಜಿ’ ಎಂದಿತ್ತು. ಶೆಡ್ಡಿನ ಸಂಖ್ಯೆಗೆ ಯಾರೂ ಕಪ್ಪು ಬಳಿದಿರಲಿಲ್ಲ. ಏಳು ವರ್ಷದ ಹಿಂದಿನ ಫೆಬ್ರವರಿ ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಚಿಕ್ಕವನದು ಆಸ್ಪತ್ರೆಯ ಚೀಟಿ ಇತ್ತು. ದೊಡ್ಡವನದು ಮನೆಯಲ್ಲೇ ಹೆರಿಗೆ, ಚೀಟಿ ಇಲ್ಲ. “ಮೂರು ತುಂಬಿ, ನಾಲ್ಕಕ್ಕೆ ಬಂದೇಬಿಟ್ಟ ಅಕ್ಕಾ, ಅವನು ಹುಟ್ಟಿದಾಗ…” ಎಂದು ದರ್ಜಿ ಶುರುಮಾಡಿದ್ದ. “ಮೂರು. ಆಯ್ತು. ಮುಂದಿನವರು ಯಾರು?” ಎಂದು ಇವಳು ಕತ್ತರಿಸಿದ್ದಳು.

“ನೀವು ಹೇಳಿ,” ಎಂದರು ಮೇಡಂ, ಇವಳತ್ತ ತಿರುಗಿ. “ನಮ್ಮಲ್ಲಿ ಅನುಭವ ಇರೋರು ನೀವೊಬ್ರೇ. ಇದು ಸುಳ್ಳಾ?”

ಮೂವತ್ತು ಮುಖಗಳು ತಿರುಗಿದವು. “ಇರಬಹುದು,” ಎಂದಳು ಗಿರಗಿಟ್ಲೆ.

ಆ ಒಂದು ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಬಸ್ಸಿನಲ್ಲಿ ಮೂರು ಸಲ ಸೀಟು ಬದಲಿಸಿದಳು, ಎರಡು ಸ್ಟಾಪು ಮೊದಲೇ ಇಳಿದು ನಡೆದಳು. ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಪುಸ್ತಕ ತೆರೆದರೆ ಪ್ರತಿ ಪುಟದ ಸಂಖ್ಯೆಯ ಕೆಳಗೂ ಸೊನ್ನೆ ಕಂಡಂತಾಗಿ ಮುಚ್ಚಿದಳು. ಬಾಯಿಬಿಟ್ಟರೆ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ದರ್ಜಿಯ ಮನೆ ಸುಳ್ಳರ ಮನೆಯಾಗಿಯೇ ಉಳಿಯುತ್ತದೆ. ಬಹುಶಃ ಅವರು ಬೇರೆಲ್ಲಿಗೋ ಹೋಗಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾಲ್ಕನೇ ದಿನ ಆ ಸಮಾಧಾನವೂ ಕೈಕೊಟ್ಟಿತು. ನೋಡಿಯೇ ಬಿಡೋಣ ಎಂದು ವಸತಿಗೆ ಹೋದಳು.

ದರ್ಜಿ ಅದೇ ಶೆಡ್ಡಿನಲ್ಲಿದ್ದ. ಬಾಗಿಲಿಗೆ ಅಡ್ಡವಾಗಿ ಹೊಲಿಗೆ ಯಂತ್ರ, ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು. ಇವಳನ್ನು ಕಂಡದ್ದೇ ಪಿನ್ನು ತೆಗೆದು ಎದ್ದು ನಿಂತ.

“ಅಕ್ಕಾ! ಬನ್ನಿ ಬನ್ನಿ. ಏ, ನೋಡೇ, ಯಾರು ಬಂದಿದ್ದಾರೆ ಅಂತ. ಅವತ್ತು ಹತ್ತೇ ನಿಮಿಷದಲ್ಲಿ ನಮ್ಮ ಕೆಲಸ ಮುಗಿಸಿಕೊಟ್ಟೋರು.”

ಒಳಗಿಂದ ಅವನ ಹೆಂಡತಿ ಬಂದಳು. ಸ್ಟೂಲು ಒರೆಸಿ ಕೊಟ್ಟಳು, ಮುಖದಲ್ಲಿ ನಗು ಕಾಣಲಿಲ್ಲ.

“ಅರ್ಜಿ ಏನಾಯ್ತು?” ಗೊತ್ತಿದ್ದೂ ಕೇಳಿದಳು ಗಿರಗಿಟ್ಲೆ.

“ಎರಡು ಸಲ ವಾಪಸ್ ಬಂತು. ನನ್ನ ಅಣ್ಣ ಆ ದೇಶದಲ್ಲಿ ನಮಗೋಸ್ಕರ ಒಂದು ಕೋಣೆ ಖಾಲಿ ಇಟ್ಕೊಂಡು ಕೂತಿದ್ದಾನೆ,” ಎಂದ ದರ್ಜಿ. “ಏನು ತಪ್ಪು ಅಂತ ಒಬ್ಬರೂ ಹೇಳಲ್ಲ.”

“ಹೇಳಿಲ್ಲ ನಿಜ, ಕೇಳಿದ್ರಲ್ಲ,” ಎಂದಳು ಹೆಂಡತಿ ಸೆರಗಿನ ಅಂಚು ಹಿಂಡುತ್ತ. “ನನ್ನೊಬ್ಬಳನ್ನೇ ಕೋಣೆಗೆ ಕರೆದು, ಎರಡರಲ್ಲಿ ನೀನು ಹೆತ್ತ ಮಗು ಯಾವುದಮ್ಮಾ ಅಂದ್ರು. ನಾನು ಎರಡೂ ಅಂದೆ. ನಕ್ಕರು. ದೊಡ್ಡವನು ಬಾಗಿಲ ಹೊರಗೇ ಇದ್ದ. ಅವತ್ತಿಂದ ಸಿಟ್ಟು ಬಂದಾಗೆಲ್ಲ, ನಾನೇನು ನಿನ್ನ ಮಗನಾ ಅಂತಾನೆ. ಹನ್ನೊಂದು ವರ್ಷದ ಕೂಸು, ಅಕ್ಕಾ.”

ಕಾಫಿ ತರುತ್ತೇನೆಂದು ಅವಳು ಒಳಗೆ ಹೋದಳು. ಅದು ಬರುವ ತನಕ ಗಿರಗಿಟ್ಲೆಗೆ ಕೂರಲಾಗಲಿಲ್ಲ. ಕೆಲಸವಿದೆ ಎಂದು ಬಾಯಿಗೆ ಬಂದದ್ದು ಹೇಳಿ ಹೊರಬಿದ್ದಳು.

ಮನೆಯಲ್ಲಿ ತಾಯಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮಗಳು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಲೇ ಎಲ್ಲ ಹೇಳಿ ಮುಗಿಸಿದಳು.

“ನಿನ್ನ ಹಿಂದೆ ತಿರುಗಿ ತಿರುಗಿ ನನ್ನ ಕತ್ತು ನೋಯ್ತಿದೆ,” ಎಂದಳು ತಾಯಿ. “ಆ ತಾಯಿಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ನನಗ್ಯಾಕೆ ಹೇಳ್ತೀಯ? ನಾನೇನು ಮುದ್ರೆ ಒತ್ತೋಳಾ?”

ಮರುವಾರದ ತರಗತಿಯಲ್ಲಿ ಅವಳು ಎದ್ದು ನಿಂತು, ಬೋರ್ಡಿನ ಮೇಲೆ ದೊಡ್ಡದಾಗಿ ಜನವರಿ ಒಂದು ಬರೆದು, ಕೆಳಗೊಂದು ಸೊನ್ನೆ ಸುತ್ತಿದಳು. ಸೀಮೆಸುಣ್ಣ ಎರಡು ತುಂಡಾಯಿತು. ಸೊನ್ನೆ ಏನೆಂದು ಹೇಳಿ, “ಆ ತಾಯಿ ಸುಳ್ಳು ಹೇಳಿಲ್ಲ. ಹೋದ ವಾರ ಇದೇ ಜಾಗದಲ್ಲಿ ಸುಳ್ಳು ಹೇಳಿದ್ದು ನಾನು,” ಎಂದಳು. ಪದಕದ ಮಾತಾಡಿದವನು ಕನ್ನಡಕ ತೆಗೆದು ಒರೆಸತೊಡಗಿದ, ಒರೆಸುತ್ತಲೇ ಇದ್ದ.

ಮೇಡಂ ಆಮೇಲೆ ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಪ್ರಬಂಧಕ್ಕೆ ಎಂಥ ವಿಷಯ ಸಿಕ್ಕಿದೆ ನೋಡಿ.”

“ಅದು ವಿಷಯ ಅಲ್ಲ ಮೇಡಂ, ಒಂದು ಮನೆ,” ಎಂದು ಅವಳು ಮೆಟ್ಟಿಲಿಳಿದೇ ಬಿಟ್ಟಳು.

ಕಚೇರಿಗೆ ಸಿಬ್ಬಂದಿಯ ಬಾಗಿಲಿನಿಂದ ನುಗ್ಗಬಹುದಿತ್ತು. ಯಾಕೋ ಕಾಲು ಸಾರ್ವಜನಿಕರ ಬಾಗಿಲಿಗೇ ಎಳೆಯಿತು. ಟೋಕನ್ ತೆಗೆದುಕೊಂಡು ಮರದ ಬೆಂಚಿನ ಮೇಲೆ ಎರಡೂಕಾಲು ಗಂಟೆ ಕಾದಳು. ಹನ್ನೊಂದು ವರ್ಷ ಎದುರಿಗಿದ್ದ ಆ ಬೆಂಚಿಗೆ ಒರಗಲು ಹಿಂಬದಿ ಹಲಗೆಯೇ ಇಲ್ಲವೆಂಬುದು ಅವತ್ತು ತಿಳಿಯಿತು.

ದೊಡ್ಡ ಸಾಹೇಬರು ಅವಳ ತಪ್ಪೊಪ್ಪಿಗೆ ಪತ್ರವನ್ನು ಎರಡು ಸಲ ಓದಿದರು. “ಏನ್ರೀ ಇದು? ಓದೋಕೆ ಕಳಿಸಿದ್ರೆ ಕಚೇರಿ ಮರ್ಯಾದೆ ತೆಗಿಯೋದು ಕಲಿತು ಬಂದ್ರಾ?”

“ಅಲ್ಲಿ ಕಲಿತಿದ್ದಲ್ಲ ಸರ್, ಇಲ್ಲಿ ಮಾಡಿದ್ದು.”

“ಕುರ್ಚಿ ಬೇರೆಯವರಿಗೆ ಹೋಗುತ್ತೆ. ರಜೆಯೂ ರದ್ದು. ಉಳಿದ ಓದು ನಿಮ್ಮ ಸ್ವಂತ ಸಮಯದಲ್ಲಿ.”

“ಹೋಗ್ಲಿ ಸರ್. ಅವರ ಹೇಳಿಕೆ ಮತ್ತೆ ತಗೊಳ್ಳೋಕೆ ದಿನ ಕೊಡಿ.”

ಕೊಟ್ಟರು. ತಪ್ಪು ಬರೆದವರು ಹೊಸ ಹೇಳಿಕೆಗೆ ಸಾಕ್ಷಿಯಾಗಿ ಕೂರಬೇಕೆಂಬ ನಿಯಮ ಇತ್ತು. ಹೇಳಿಕೆಯ ದಿನ ಬೆಳಿಗ್ಗೆ ಕಚೇರಿಯ ಅಂಗಳದಲ್ಲೇ ಅವಳು ದರ್ಜಿಗೂ ಹೆಂಡತಿಗೂ ಇದ್ದದ್ದು ಇದ್ದಂತೆ ಹೇಳಿದಳು. ದರ್ಜಿ ನೆಲ ನೋಡಿದ. ಹೆಂಡತಿ ಮಾತ್ರ ಇವಳ ಮುಖವನ್ನೇ ನೋಡಿ, “ಏಳು ವರ್ಷ,” ಎಂದಳು.

ಒಳಗೆ ಹೊಸ ಗುಮಾಸ್ತೆ ಪೆನ್ನು ಹಿಡಿದು, ದೊಡ್ಡ ಮಗ ಹುಟ್ಟಿದ್ದು ಯಾವಾಗ ಎಂದಳು. ಹೆಂಡತಿ ಬಿಟ್ಟು ಬಂದ ಮನೆಯ ಬಾಗಿಲಿನಿಂದ ಶುರುಮಾಡಿದಳು. ಆ ಬಾಗಿಲಿನ ಬಣ್ಣ, ಹೆರಿಗೆ ಮಾಡಿಸಿದ ಮುದುಕಿಯ ತೊದಲು ಮಾತು, ಪಕ್ಕದ ಮನೆಯ ಮದುವೆಗೆ ಗಂಡ ಹೊಲಿಯುತ್ತಿದ್ದ ಹನ್ನೆರಡು ಅಂಗಿ, ಹತ್ತನೆಯದರ ತೋಳು ಜೋಡಿಸುವಾಗ ತನಗೆ ನೋವು ಬಂದದ್ದು.

“ತಿಂಗಳು ಹೇಳಿದ್ರೆ ಸಾಕಮ್ಮಾ,” ಎಂದಳು ಗುಮಾಸ್ತೆ, ಹೊರಗಿನ ಸಾಲಿನತ್ತ ಕಣ್ಣು ಹಾಯಿಸಿ.

“ಹೇಳ್ಲಿ ಬಿಡು,” ಎಂದಳು ಗಿರಗಿಟ್ಲೆ. ಅವಳ ಅಂಗಾಲು ಜುಮ್ಮೆನ್ನುತ್ತಿತ್ತು, ಮಂಡಿ ತಾನಾಗಿಯೇ ಅಲುಗುತ್ತಿತ್ತು. ಎರಡೂ ಪಾದಗಳನ್ನು ಕುರ್ಚಿಯ ಕಾಲಿಗೆ ಸುತ್ತಿಹಾಕಿ ಬಿಗಿದು ಕೂತಳು.

ಹನ್ನೊಂದನೆಯ ಅಂಗಿಗೆ ಕೂಸು ಅತ್ತಿತು. ಮದುವೆ ಇದ್ದದ್ದು ಅದರ ಮರುದಿನ. ಮದುವೆ ನಡೆದದ್ದು ಏಪ್ರಿಲ್ ಹತ್ತಕ್ಕೋ ಹನ್ನೊಂದಕ್ಕೋ. ಅದನ್ನು ದರ್ಜಿ ಬೆರಳೆಣಿಸಿ ಹೇಳಿದ. ಚಿಕ್ಕವನಿಗಿಂತ ಒಂದು ವರ್ಷದ ಮೇಲೆ ಒಂದು ತಿಂಗಳು ದೊಡ್ಡವನು. ಗುಮಾಸ್ತೆ ತಾರೀಖು ಬರೆದು ಪಕ್ಕದಲ್ಲಿ ‘ಅಂದಾಜು’ ಎಂದು ಅಕ್ಷರ ಅಕ್ಷರವಾಗಿ ಬರೆದಳು. ಗಿರಗಿಟ್ಲೆ ಸಾಕ್ಷಿ ಸಹಿ ಹಾಕಿದಳು.

“ಇನ್ನು ಎಷ್ಟು ದಿನ ಆಗುತ್ತೆ?” ಎಂದ ದರ್ಜಿ.

“ಗೊತ್ತಿಲ್ಲಪ್ಪಾ, ಸುಳ್ಳು ಹೇಳಲ್ಲ. ಆದ್ರೆ ಈ ಸಲ ತಪ್ಪು ಯಾರದ್ದು ಅಂತ ಕಾಗದದ ಮೇಲೇ ಇದೆ.”

ಹೆಂಡತಿ ಆ ಕಾಗದದ ಪ್ರತಿ ಕೇಳಿ ಪಡೆದಳು. ನಾಲ್ಕು ಮಡಿಕೆ ಮಾಡಿ, “ಮೊದಲು ದೊಡ್ಡವನಿಗೆ ತೋರಿಸ್ಬೇಕು,” ಎಂದು ಗಂಡನಿಗಿಂತ ಮುಂದೆ ಹೆಜ್ಜೆ ಹಾಕುತ್ತ ಶೆಡ್ಡಿನ ಕಡೆ ಹೊರಟಳು.

ಗಿರಗಿಟ್ಲೆ ದಾಖಲೆ ಕೋಣೆಯ ಬೀಗದ ಕೈ ಕೇಳಿದಳು. ಹನ್ನೊಂದು ವರ್ಷದ ನೋಂದಣಿ ಹಾಳೆಗಳು ಸೂರಿನವರೆಗೆ ಕಟ್ಟುಕಟ್ಟಾಗಿ ನಿಂತಿದ್ದವು. ಎಷ್ಟರಲ್ಲಿ ಸೊನ್ನೆ ಇದೆಯೋ ಅವಳಿಗೂ ಗೊತ್ತಿರಲಿಲ್ಲ. ಮೊದಲ ಕಟ್ಟು ಇಳಿಸಿ ಧೂಳು ಕೊಡವಿದಳು. ಹತ್ತು ಹಾಳೆ ನಿಂತೇ ತಿರುವಿದಳು. ಹನ್ನೊಂದನೆಯದರಲ್ಲಿ ಸೊನ್ನೆ ಸಿಕ್ಕಿತು. ಅಲ್ಲೇ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು.