ಎರಡನೆಯ ಹೆಸರು

ಮೊನ್ನೆ ನಮ್ಮ ಶೆಡ್ಡಿನಲ್ಲಿ ಮಣೂಕ ಆರಿಸುವ ಕೆಲಸ ನಡೆದಿತ್ತು. ಮಣೂಕ ಎಂದರೆ ಬೇರೇನಲ್ಲ, ನೀವು ಪಾಯಸಕ್ಕೆ ಹಾಕುವ ಒಣದ್ರಾಕ್ಷಿ. ಹೆಣ್ಣುಮಕ್ಕಳು ರಾಶಿಯ ಸುತ್ತ ಕೂತು ಕಡ್ಡಿ, ಕಸ ತೆಗೆಯುತ್ತಿದ್ದರು. ಅವರಲ್ಲೊಬ್ಬಳು ನನ್ನನ್ನು ಕಂಡು, "ಅಣ್ಣಾರ, ನಿಮ್ಮ ಮೀಸಿ ಮ್ಯಾಲ ಕಡ್ಡಿ ಬಾಳ ಕುಂತಾವ ನೋಡ್ರಿ" ಎಂದಳು. ನಾನು ಗಡಬಡಿಸಿ ಮೀಸೆ ಒರೆಸಿಕೊಂಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಹೇಳಿದ್ದು ನೆಲಕ್ಕೆ ಹಾಸಿದ್ದ ಹಳೆಯ ಬ್ಯಾನರಿನೊಳಗಿನ ಮೀಸೆಯ ಮಾತು. ಅದರಲ್ಲಿ ತಲೆಗೆ ಫೇಟಾ ಸುತ್ತಿಕೊಂಡು, ಕೈಮುಗಿದು, ಹಲ್ಲು ಕಿರಿಯುತ್ತಿದ್ದವನು ನಾನೇ. ಕೆಳಗೆ ದಪ್ಪ ಅಕ್ಷರದಲ್ಲಿ 'ಭಾವಿ ಖಾಸದಾರರು' ಎಂದಿತ್ತು. ಸಂಸದರಿಗೆ ನಮ್ಮ ಗಡಿ ಭಾಗದಲ್ಲಿ ಖಾಸದಾರ ಎನ್ನುತ್ತೇವೆ.

ನೀವು ನಗಬೇಡಿ. ಅಥವಾ ನಕ್ಕುಬಿಡಿ, ತೆಲಸಂಗದಿಂದ ನಿಪ್ಪಾಣಿಯವರೆಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಿಮ್ಮೊಬ್ಬರನ್ನು ತಡೆದು ಏನು ಬರುವುದಿದೆ? ಹೋದ ಲೋಕಸಭೆ ಚುನಾವಣೆಗೆ ನಾನು ಪಕ್ಷದ ಟಿಕೆಟ್ ಕೇಳಿದ್ದೆ. ಅದಕ್ಕೂ ಮೊದಲು ನಮ್ಮೂರ ಸೊಸೈಟಿಯ ಚುನಾವಣೆಗೆ ನಿಂತು ಸೋತಿದ್ದೆ. ಸೊಸೈಟಿಯಲ್ಲಿ ಸೋತವನು ದಿಲ್ಲಿಗೆ ಹೊರಟದ್ದು ಹೇಗೆ ಎಂದು ಕೇಳುತ್ತೀರಿ. ಊರವರಿಗೆ ನನ್ನ ಯೋಗ್ಯತೆ ಪೂರ್ತಿ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ಅಂದಮೇಲೆ ಕ್ಷೇತ್ರ ದೊಡ್ಡದಾದಷ್ಟೂ ನನಗೆ ಒಳ್ಳೆಯದು ಎಂಬುದು ನನ್ನ ತರ್ಕ.

ಹುಳ ಹೊಕ್ಕಿದ್ದು ಅಥಣಿಯ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಷದ ಹಿರಿಯರೊಬ್ಬರು ಬಡಿಸುವವರ ಹಿಂದೆಯೇ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವ ಯಾಕ ನಿಂದ್ರಬಾರದ್ರಿ ಈ ಸಲ?" ಎಂದರು. ಬಾಯಲ್ಲಿದ್ದ ಬುಂದಿ ಹಾಗೇ ನಿಂತಿತು. ಅವರು ಆ ಮಾತನ್ನು ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರಿಗೂ ಹೇಳುತ್ತ ಬಂದಿದ್ದರೆಂದು ನನಗೆ ತಿಳಿಯಲಿಲ್ಲ. ನನ್ನಿಂದ ನಾಲ್ಕು ಎಲೆ ಆಚೆ ನನ್ನ ದಾಜಿ ಕೂತಿದ್ದರು. ದಾಜಿ ಎಂದರೆ ಅಕ್ಕನ ಗಂಡ. ಅವರಿಗೂ ಆ ಹೊತ್ತಿನಲ್ಲಿ ಬುಂದಿ ಗಂಟಲಲ್ಲಿ ನಿಂತಿತ್ತೆಂದು ಆಮೇಲೆ ಗೊತ್ತಾಯಿತು.

ದಾಜಿಯದು ಕೃಷ್ಣೆಯ ದಂಡೆಯ ಜುಗೂಳ. ಕಬ್ಬಿನ ಹೊಲ, ತುಂಬಿದ ಮನೆ, ಯಾರ ಜೊತೆ ಯಾವ ಮಾತಾಡಬೇಕೆಂದು ಬಲ್ಲ ನಾಲಿಗೆ. ನನ್ನದು ಈ ಕಡೆಯ ಒಣ ಸೀಮೆಯ ದ್ರಾಕ್ಷಿ ತೋಟ. ಅವ್ವ ಬೇಗ ತೀರಿಕೊಂಡದ್ದರಿಂದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ. ಅವಳ ಮದುವೆಯಲ್ಲಿ ದಾಜಿಯ ಬೂಟು ಮುಚ್ಚಿಟ್ಟವನು ನಾನು. ಅಂಥ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಟಿಕೆಟ್ಟಿಗೆ ಅರ್ಜಿ ಹಾಕಿದೆವು. ಪತ್ರಿಕೆಯಲ್ಲಿ ಆಕಾಂಕ್ಷಿಗಳ ಹೆಸರು ಬಂದಾಗ ನೋಡಿದರೆ ಮದುವೆಯ ಪಂಕ್ತಿಯೇ ಅಲ್ಲಿ ಎದ್ದು ನಿಂತಿತ್ತು. ರಾಯಬಾಗದ ಡಾಕ್ಟರು, ಚಿಕ್ಕೋಡಿಯ ವಕೀಲರು, ಕಬ್ಬೂರಿನ ನಿವೃತ್ತ ಮಾಸ್ತರರು, ಕಾಗವಾಡದ ಗುತ್ತಿಗೆದಾರರು, ಹೀಗೆ ಹತ್ತು ಹನ್ನೆರಡು ಜನ. ಅಕ್ಕ ಫೋನು ಮಾಡಿ, "ಇಬ್ರಾಗ ಯಾರಿಗೆ ಸಿಕ್ರೂ ನನಗ ಚಲೋನ ಬಿಡು" ಎಂದಳು. ಅವಳ ದನಿ ಮಾತ್ರ ಚಲೋ ಇರಲಿಲ್ಲ.

ತಿರುಗಾಟ ಶುರುವಾಯಿತು. ತೋಟದಲ್ಲಿ ದ್ರಾಕ್ಷಿ ಹಣ್ಣಾಗುತ್ತಿದ್ದರೆ ನಾನು ಬೇರೆಯವರ ಊರುಗಳಲ್ಲಿ ಸತ್ಕಾರ ಮಾಡಿಸಿಕೊಳ್ಳುತ್ತಿದ್ದೆ. ನಮ್ಮ ಕಡೆ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಶಾಲು, ಫೇಟಾ, ತೆಂಗಿನಕಾಯಿ, ಮೇಲೊಂದು ಭರವಸೆ. ನಿಪ್ಪಾಣಿಯಲ್ಲಿ ಮಾತಾಡಲೆಂದು ಮರಾಠಿ ಭಾಷಣವೊಂದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಮುಗಿದ ಮೇಲೆ ಒಬ್ಬ ಮುದುಕರು ಹತ್ತಿರ ಬಂದು ಮೆಲ್ಲಗೆ, "ಸಾವಕಾರ್ರ, ಕನ್ನಡದಾಗ ಹೇಳಿದ್ರ ನಮಗೂ ತಿಳೀತಿತ್ತು, ನಿಮಗೂ ತಿಳೀತಿತ್ತು" ಎಂದರು.

ಒಂದು ಹಳ್ಳಿಯಲ್ಲಂತೂ ಗುಡಿಗೆ ಕರೆದೊಯ್ದು ದೇವರ ಭಂಡಾರ ಮುಟ್ಟಿ ಆಣೆ ಮಾಡಿದರು. ಆ ಅರಿಷಿಣದ ಪುಡಿ ಮುಟ್ಟಿ ಆಡಿದ ಮಾತು ನಮ್ಮಲ್ಲಿ ಸುಳ್ಳಾಗುವುದಿಲ್ಲ. "ಟಿಕೀಟ ತಗೊಂಡ ಬರ್ರಿ, ಊರಿಗೆ ಊರ ನಿಮ್ಮ ಹಿಂದ ಐತಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಹಣೆಯ ಅರಿಷಿಣ ಒರೆಸಿಕೊಳ್ಳದೆ ಮನೆಗೆ ಬಂದೆ. ಹೆಂಡತಿ ನೋಡಿ, "ಮೊನ್ನಿ ಟಿವ್ಯಾಗ ದಾಜಿ ಹಣಿಗೂ ಹಿಂಗ ಬಡದಿತ್ರಿ, ಅದ ಊರಾಗ" ಎಂದಳು. ಆಣೆಯಲ್ಲಿ ಸುಳ್ಳೇನೂ ಇರಲಿಲ್ಲ. ಟಿಕೆಟ್ ತಂದವರ ಹಿಂದೆ ಊರು ಇರುತ್ತದೆ ಎಂದಿದ್ದರು, ತಂದವರು ಯಾರೆಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಡೆಗೆ ಬೆಂಗಳೂರಿನಿಂದ ಪಕ್ಷದ ವೀಕ್ಷಕರು ಬಂದು ಚಿಕ್ಕೋಡಿಯ ಪ್ರವಾಸಿ ಮಂದಿರದಲ್ಲಿ ಇಳಿದರು. ನಾವೆಲ್ಲ ಕಲಫ್ ಹಾಕಿ ಗರಿಗರಿಯಾದ ಬಿಳಿ ಅಂಗಿ ತೊಟ್ಟು ವರಾಂಡದಲ್ಲಿ ಸಾಲಾಗಿ ಕೂತೆವು, ಹಲ್ಲಿನ ಡಾಕ್ಟರರ ಮುಂದೆ ಕೂತವರ ಹಾಗೆ. ಒಬ್ಬೊಬ್ಬರನ್ನೇ ಒಳಗೆ ಕರೆದರು. ನನ್ನ ಸೇವೆ, ತ್ಯಾಗಗಳನ್ನು ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ವೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, "ಅಕಸ್ಮಾತ್ ನಿಮಗೆ ಕೊಡಲು ಆಗಲಿಲ್ಲ ಅನ್ನಿ, ಬೇರೆ ಯಾರಿಗೆ ಕೊಡಬಹುದು? ಒಂದೇ ಒಂದು ಹೆಸರು ಹೇಳಿ" ಎಂದರು.

ಈ ಪ್ರಶ್ನೆ ಬರುತ್ತದೆಂದು ನನಗೆ ಮೊದಲೇ ಸುಳಿವಿತ್ತು. ಗಟ್ಟಿ ಆಳಿನ ಹೆಸರು ಹೇಳಿದರೆ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತೆ. ಆದ್ದರಿಂದ, ಇರುವೆಗೂ ಹೆದರುವ ಕಬ್ಬೂರಿನ ಮಾಸ್ತರರ ಹೆಸರು ಹೇಳಿದೆ. ಅವರಿಗಂತೂ ಯಾರೂ ಟಿಕೆಟ್ ಕೊಡುವುದಿಲ್ಲ, ನನಗೂ ದೊಡ್ಡ ಮನಸ್ಸಿನವನೆಂಬ ಹೆಸರು ಬರುತ್ತದೆ. ಹೊರಗೆ ಬರುವಾಗ ನನ್ನ ಚಾಣಾಕ್ಷತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಂಜೆ ಹೊತ್ತಿಗೆ, ವೀಕ್ಷಕರ ಜೊತೆಗಿದ್ದ ಪರಿಚಯದ ಕಾರ್ಯಕರ್ತನೊಬ್ಬ ನನ್ನನ್ನು ಹುಣಸೆಮರದ ಮರೆಗೆ ಕರೆದ. "ಅಣ್ಣಾರ, ಪೇಢೆ ತರಸ್ರಿ. ಎರಡನೇ ಹೆಸರ ಅಂತ ಕೇಳಿದ್ದಕ್ಕ ಹೆಚ್ಚು ಕಮ್ಮಿ ಎಲ್ಲಾರೂ ನಿಮ್ಮ ಹೆಸರ ಹೇಳ್ಯಾರ" ಎಂದ. ನನಗೆ ಗಾಳಿಯಲ್ಲಿ ತೇಲಿದಂತಾಯಿತು. ಡಾಕ್ಟರು, ವಕೀಲರು, ಗುತ್ತಿಗೆದಾರರು, ಎಲ್ಲರೂ! ಎದುರಾಳಿಗಳ ಎದೆಯಲ್ಲೂ ನನಗೆ ಜಾಗವಿದೆ! "ಎಲ್ಲಾರೂ ಅಂದ್ರ ದಾಜೀನೂ ಹೇಳ್ಯಾರಲಾ?" ಎಂದೆ. ಅವನು ಕತ್ತು ಕೆರೆದುಕೊಂಡು, "ಅವ್ರೊಬ್ರ ಹೇಳಿಲ್ರಿ" ಎಂದ.

ಪೇಢೆ ಹಂಚಿದೆ. ಆದರೆ ನನಗೆ ಮಾತ್ರ ರುಚಿಸಲಿಲ್ಲ. ಉಪಾಯಗಾರ ನಾನೊಬ್ಬನೇ, ಉಳಿದವರೆಲ್ಲ ಸತ್ಯಹರಿಶ್ಚಂದ್ರರು ಎಂದು ನಂಬಿದ್ದ ನನ್ನ ಬುದ್ಧಿಯನ್ನು ನೋಡಿ. ಎಲ್ಲರೂ ನನ್ನನ್ನು ಪ್ರೀತಿಸುತ್ತಾರೆ, ಸ್ವಂತ ದಾಜಿಯೊಬ್ಬರನ್ನು ಬಿಟ್ಟು, ಎಂದೇ ತಿಳಿದೆ. ವಾರ ಕಳೆಯುವುದರಲ್ಲಿ ಟಿಕೆಟ್ ಘೋಷಣೆಯಾಯಿತು. ಅರ್ಜಿ ಹಾಕಿರದ, ವರಾಂಡದಲ್ಲಿ ಕೂತಿರದ ಒಬ್ಬರಿಗೆ ಸಿಕ್ಕಿತು. ಅದಕ್ಕೆ ನನಗೆ ಅಂಥ ಸಿಟ್ಟು ಬರಲಿಲ್ಲ, ದೊಡ್ಡವರ ಆಟ. ಸಿಟ್ಟೆಲ್ಲ ಜುಗೂಳದ ಕಡೆ ತಿರುಗಿತು. ಫೋನು ನಿಂತಿತು, ಹೋಗಿ ಬರುವುದು ನಿಂತಿತು, ತೋಟದ ಮೊದಲ ದ್ರಾಕ್ಷಿಯ ಬುಟ್ಟಿಯೂ ಆ ವರ್ಷ ಹೊಳೆಯ ಕಡೆ ಹೋಗಲಿಲ್ಲ.

ಚುನಾವಣೆ ಮುಗಿದು, ಮಳೆ ಬಂದು, ಪಂಚಮಿ ಬಂತು. ಪಂಚಮಿಗೆ ತಮ್ಮ ಹೋಗಿ ಅಕ್ಕನನ್ನು ತವರಿಗೆ ಕರೆತರುವುದು ನಮ್ಮಲ್ಲಿ ತಪ್ಪಿಸುವ ಮಾತೇ ಅಲ್ಲ. ಹೋದೆ. ಆದರೆ ದಾಜಿಯ ಹೊಸ್ತಿಲು ತುಳಿಯಬಾರದೆಂದು ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಹೊಡೆದೆ. ಇದನ್ನು ನಾನು ಸ್ವಾಭಿಮಾನ ಎಂದುಕೊಂಡಿದ್ದೆ.

ಅಕ್ಕ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಎದುರು ನಿಂತಳು. "ಹಾರ್ನ್ ಹೊಡದ್ರ ಬರಾಕ ನಾ ಕಬ್ಬ ಕಡ್ಯಾಕ ಟ್ರ್ಯಾಕ್ಟರ್ ಹತ್ತಿ ಹೋಗಾಕಿ ಏನಲೇ? ಒಳಗ ಬಾ. ನಿಮ್ಮ ದಾಜಿ ಕೂಡ ಕುಂತ ಉಣ್ಣು, ಬರ್ತೀನಿ. ಇಲ್ಲಂದ್ರ ಈ ವರ್ಷನೂ ಬರಂಗಿಲ್ಲ, ಮುಂದಿನ ವರ್ಷನೂ ಬರಂಗಿಲ್ಲ."

"ಅವ್ರು ನನ್ನ ಹೆಸರ ಹೇಳಲಿಲ್ಲವಾ ಯಕ್ಕಾ."

"ನಿಮಗಿಬ್ಬರಿಗೂ ಏನೂ ಸಿಗಲಿಲ್ಲ. ನಡಬರಕ ನನ್ನ ತವರಮನಿ ಹೋತು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಕ್ಕ ಅತ್ತದ್ದನ್ನು ನಾನು ಅವ್ವ ತೀರಿಕೊಂಡಾಗ ಕಂಡದ್ದು, ಆಮೇಲೆ ಅವತ್ತೇ. ಗಾಡಿ ಬಂದ್ ಮಾಡಿದೆ. ಗಾಡಿ ಇಳಿದೆ.

ಒಳಗೆ ದಾಜಿ ಗೋಡೆ ನೋಡುತ್ತ ಕೂತಿದ್ದರು. ನಾನು ಎದುರಿನ ಗೋಡೆ ಹಿಡಿದೆ. ಅಕ್ಕ ಇಬ್ಬರ ತಾಟುಗಳನ್ನೂ ಹತ್ತಿರ ಸರಿಸಿ ಕಡುಬು ಬಡಿಸಿದಳು, ಮೇಲೆ ತುಪ್ಪ ಸುರಿದಳು. ಇಬ್ಬರೂ ಒಂದೊಂದು ಕಡುಬು ಮುಗಿಸಿದೆವು. ಕೊನೆಗೆ ದಾಜಿಯೇ ಬಾಯಿಬಿಟ್ಟರು. ಪಾವಣ್ಯಾ, ಅಂದರೆ ನೆಂಟ, ಎಂದೇ ಅವರು ನನ್ನನ್ನು ಕರೆಯುವುದು.

"ಲೇ ಪಾವಣ್ಯಾ, ಅವ್ರೆಲ್ಲಾ ನಿನ್ನ ಹೆಸರ ಯಾಕ ಹೇಳಿದ್ರು ಗೊತ್ತೈತೇನ?"

"ಪ್ರೀತಿಲೆ."

"ಪ್ರೀತಿ! ಹಂಗಾರ ನೀ ಯಾರದ ಹೇಳಿದ್ದಿ?"

"ಕಬ್ಬೂರ ಮಾಸ್ತರ್ದು."

"ಯಾಕ?"

ಬಾಯೊಳಗಿನ ಕಡುಬು ಕೆಳಗಿಳಿಯಲಿಲ್ಲ. ಅಷ್ಟು ತಿಂಗಳು ತಲೆಯಲ್ಲಿ ಹೊಳೆಯದ್ದು ಆ ಒಂದು ತುತ್ತಿನಲ್ಲಿ ಹೊಳೆಯಿತು. ನಾನು ಮಾಸ್ತರರನ್ನು ಯಾವ ತಕ್ಕಡಿಯಲ್ಲಿ ತೂಗಿದ್ದೆನೋ ಡಾಕ್ಟರು, ವಕೀಲರು ನನ್ನನ್ನು ಅದೇ ತಕ್ಕಡಿಯಲ್ಲಿ ತೂಗಿದ್ದರು. ಇಡೀ ಕ್ಷೇತ್ರದಲ್ಲಿ ಯಾರಿಗೂ ಅಪಾಯವಿಲ್ಲದ ಪ್ರಾಣಿ ನಾನೇ ಎಂದು ಎದುರಾಳಿಗಳೆಲ್ಲ ಒಮ್ಮತದಿಂದ ಆರಿಸಿದ್ದರು. ಅದಕ್ಕೆ ನಾನು ಪೇಢೆ ಹಂಚಿದ್ದೆ.

"ಮತ್ತ ನೀವ್ಯಾರದ ಹೇಳಿದ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ನಾನೂ ಮಾಸ್ತರ್ದ."

ಅಕ್ಕ ಮೊದಲು ನಕ್ಕಳು. ಆಮೇಲೆ ನಾವಿಬ್ಬರೂ ನಕ್ಕೆವು. ನಗು ನಿಂತ ಮೇಲೆ ದಾಜಿ ತಾಟಿನಲ್ಲಿ ಬೆರಳಾಡಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ನಿನ್ನ ಹೆಸರ ಹೇಳಾಕ ನನಗ ಅಂಜಿಕಿ ಬಂತು. ನೀ ಮಂದಿ ಕೂಡ ಬೆರಿಯೂದ ನಾ ನೋಡೀನಿ. ನಿನಗ ಕೊಟ್ಟಿದ್ರ ನೀ ಆರಿಸಿ ಬಂದಬಿಡ್ತಿದ್ದಿ."

ನಾನು ತಾಟು ಮುಂದೆ ಸರಿಸಿದೆ. ಇನ್ನೊಂದು ಕಡುಬು ಹಾಕಿಸಿಕೊಂಡೆ. ಅದು ಮುಗಿಯುವಷ್ಟರಲ್ಲಿ ಅಕ್ಕ ಸೀರೆ ಬದಲಿಸಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ದಾರಿಯಲ್ಲಿ ಅವಳನ್ನು ಕೇಳಿದೆ, "ದಾಜಿ ಖರೇನ ಹಂಗ ತಿಳಕೊಂಡಾರೋ, ನಿನ್ನ ಕಳಸಾಕ ಅಂತ ಸುಳ್ಳ ಹೇಳಿದ್ರೋ?" ಅಕ್ಕ ಕಿಟಕಿಯ ಹೊರಗೆ ನೋಡುತ್ತ, "ಯಾವ್ದಾದ್ರೇನ, ಗಾಡಿ ಹೊಡಿ" ಎಂದಳು. ಆ ವರ್ಷದ ಪಂಚಮಿ ಚೆನ್ನಾಗಿ ಆಯಿತು. ಆಮೇಲಿನವೂ ಆದವು. ಆದರೆ ಆ ಸಂಶಯ ಮಾತ್ರ ಹಲ್ಲಿನ ಸಂದಿಯ ಕಬ್ಬಿನ ನಾರಿನಂತೆ ಉಳಿದುಬಿಟ್ಟಿತು. ದಾಜಿ ಪಳಗಿದ ರಾಜಕಾರಣಿ. ಯಾರಿಗೆ ಯಾವ ಮಾತು ಹೇಳಿದರೆ ಗಂಟಲಲ್ಲಿ ಇಳಿಯುತ್ತದೆಂದು ಅವರಿಗೆ ಗೊತ್ತು. ಒಬ್ಬರಾದರೂ ನನ್ನನ್ನು ಲೆಕ್ಕಕ್ಕೆ ಹಿಡಿದಿದ್ದರೋ ಇಲ್ಲವೋ ಎಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಳ್ಳುತ್ತ ಬಂದಿದ್ದೇನೆ. ಹೆಂಡತಿಯನ್ನು ಕೇಳುವ ಧೈರ್ಯ ಮಾಡಿಲ್ಲ.

ಈಗ ಮತ್ತೆ ಚುನಾವಣೆ ಬಂದಿದೆ. ಇವತ್ತು ಬೆಳಿಗ್ಗೆ ದಾಜಿಯ ಫೋನು ಬಂತು. ದ್ರಾಕ್ಷಿ ಹೇಗಿದೆ ಎಂದರು. ಹೊಳೆಯಲ್ಲಿ ನೀರು ಎಷ್ಟಿದೆ ಎಂದು ತಾವೇ ಹೇಳಿದರು. ಫ್ಯಾಕ್ಟರಿಯವರು ಕಬ್ಬು ಒಯ್ಯಲು ತಡ ಮಾಡುತ್ತಿದ್ದಾರೆ ಎಂದರು. ಕೆಮ್ಮಿದರು. ತಮ್ಮ ಎದುರಿಗಿದ್ದ ಯಾರನ್ನೋ ಸುಮ್ಮನೆ ಗದರಿದರು. ಆಮೇಲೆ, ನೆನಪಾಯಿತೆಂಬಂತೆ, "ಮತ್ತ… ಈ ಸಲ ನೀ ಅರ್ಜಿ ಹಾಕಾಂವ ಏನ?" ಎಂದರು.

"ಯಾಕ್ರಿ ದಾಜಿ?"

"ಏನಿಲ್ಲ. ನೀ ಹಾಕಾಂವ ಇದ್ರ ನಾ ಹಾಕಂಗಿಲ್ಲ. ನೀ ಇದ್ರ ನಂದ ನಡಿಯಂಗಿಲ್ಲ. ನೀ ಒಲ್ಲೆ ಅಂದ್ರ ಅಷ್ಟ ನೋಡೂದು."

ನಾನು ಅರ್ಜಿ ಹಾಕುವವನಲ್ಲ. ಆ ಹುಚ್ಚು ಯಾವತ್ತೋ ಬಿಟ್ಟಿದೆ. ಇಲ್ಲ ಎಂದು ಹೇಳಲು ಬಾಯಿ ತೆರೆದವನು, ತೆರೆದ ಬಾಯಿಯಿಂದ ಯಾಕೋ, "ಇನ್ನೂ ವಿಚಾರ ಮಾಡಾಕತ್ತೀನ್ರಿ" ಎಂದುಬಿಟ್ಟೆ. ಆ ಕಡೆ ದಾಜಿ ಒಂದು ದೊಡ್ಡ ನಿಟ್ಟುಸಿರು ಬಿಟ್ಟರು. ಅಂಥ ಒಳ್ಳೆಯ ಉಸಿರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಪಕ್ಕದಲ್ಲೇ ಇದ್ದ ಹೆಂಡತಿ, "ಯಾಕ ಸುಳ್ಳ ಹೇಳಿ ಅವ್ರನ್ನ ಕಾಡ್ತೀರಿ? ಇಲ್ಲಂತ ಹೇಳಬಾರದೇನು?" ಎಂದಳು. ಹೇಳುತ್ತೇನೆ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತೇನೆ. ಇವತ್ತೊಂದು ದಿನ ದಾಜಿ ನನಗೆ ಹೆದರಿಕೊಂಡಿರಲಿ.