ಹೋಗುವಾಗ ‘ಬರ್ತೀನಿ’ ಅಂದವಳು

ನೆದರ್ಲೆಂಡ್ಸಿನ ಆಲ್ಮೆರೆ ಊರಿಗೆ ಬಂದ ಮೊದಲ ತಿಂಗಳಲ್ಲೇ, ಸಮುದಾಯ ಭವನದ ಕಿಟಕಿಯಲ್ಲಿ ಮನುಷ್ಯರ ಹೆಗಲ ಮೇಲೆ ಮನುಷ್ಯರು ನಿಂತಿದ್ದನ್ನು ಕಂಡೆ. ಈ ಊರಲ್ಲಿ ಪಕ್ಕದ ಮನೆಯ ಚಹಾಕ್ಕೂ ‘ಅಫ್‌ಸ್ಪ್ರಾಕ್’ ಬೇಕು, ಅಂದರೆ ಮುಂಚೆಯೇ ಗೊತ್ತುಮಾಡಿಕೊಂಡ ದಿನ ಮತ್ತು ಗಂಟೆ. ಅಂಥಲ್ಲಿ ಹತ್ತು ಮಕ್ಕಳು ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟಿದ್ದರು, ಹಿರಿಯರೊಬ್ಬರು ಡೋಲು ಬಾರಿಸುತ್ತಿದ್ದರು. ನಾನು ಬಾಗಲಕೋಟೆ ಕಡೆಯವಳು, ಒಂಬತ್ತನೇ ವಯಸ್ಸಿನಿಂದ ಮಲ್ಲಗಂಬ ಆಡಿದವಳು. ಕಾಲು ಕೇಳಲಿಲ್ಲ. ಯಾರೂ ಕರೆಯದೆ ಒಳಗೆ ಹೋದೆ.

ಡೋಲಿನವರು ಘಾನಾ ದೇಶದ ಕೋಫಿ. ಇಲ್ಲಿನ ಆಫ್ರಿಕನ್ ಕುಟುಂಬಗಳ ಮಕ್ಕಳಿಗೆ ಪ್ರತಿ ಶನಿವಾರ ಕಸರತ್ತು, ಕುಣಿತ ಕಲಿಸುತ್ತಾರೆ. ನನ್ನನ್ನು ಕಂಡವರೇ ಕೈಬೀಸಿ ‘ಬ್ರಾ’ ಅಂದರು. ಅವರ ಭಾಷೆಯಲ್ಲಿ ಹಾಗೆಂದರೆ ‘ಬಾ’. ಡಚ್ ತರಗತಿಯಲ್ಲಿ ತಿಣುಕುತ್ತಿದ್ದ ನನಗೆ ಈ ದೇಶದಲ್ಲಿ ಅರ್ಥ ಕೇಳದೆ ತಿಳಿದ ಮೊದಲ ಮಾತು ಅದು.

ಮುಂದಿನ ವಾರದಿಂದ ನಾನೂ ಕಲಿಸತೊಡಗಿದೆ. ಕೋಫಿಯವರ ಭಾಷೆಯವಳೇ ಆದ ಹದಿಮೂರರ ಅಬೆನಾ ನನ್ನ ಪಾಲಿಗೆ ಬಂದಳು. ಕುಣಿತಕ್ಕೆ ಎಲ್ಲರಿಗಿಂತ ಮುಂದು, ಹಿಂದಕ್ಕೆ ಲಾಗ ಹಾಕು ಅಂದರೆ ಮಾತ್ರ ಅವಳ ಜೀವ ಬಾಯಿಗೆ ಬರುತ್ತಿತ್ತು. ಬೆನ್ನಿಗೆ ನನ್ನ ಕೈ ಇದ್ದರಷ್ಟೇ ಹಾರುತ್ತಿದ್ದಳು. ಊರಲ್ಲಿ ಹರಳೆಣ್ಣೆ ಹಚ್ಚಿದ ಕಂಬ ಹತ್ತುವಾಗ ನನ್ನ ಗುರುಗಳೂ ಹೀಗೇ ಕೈಯಾಸರೆ ಕೊಡುತ್ತಿದ್ದರು, ಜೊತೆಗೆ ಬೈಗುಳ. ಇಲ್ಲಿ ಮಕ್ಕಳನ್ನು ಬೈಯುವಂತಿಲ್ಲ. ನುಂಗಿ ನುಂಗಿ ನನಗೇ ಅಜೀರ್ಣವಾಗಿತ್ತು.

ಮನೆಗೆ ಹೊರಡುವಾಗ ‘ಇಕ್ ಕೋಮ್’ ಅನ್ನುತ್ತಿದ್ದೆ. ‘ಬರ್ತೀನಿ’ ಎಂಬುದಕ್ಕೆ ನಾನು ಮಾಡಿಕೊಂಡ ಡಚ್. ‘ಹೋಗ್ತೀನಿ’ ಅನ್ನಲು ನಾಲಿಗೆ ಹೊರಳಬೇಕಲ್ಲ! ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ನನ್ನ ಉಚ್ಚಾರಕ್ಕೆ ಅಂದುಕೊಂಡಿದ್ದೆ.

ಆಮೇಲೆ ಕೊರೊನಾ ಬಂತು. ಮುಂದಿನ ವಾರದಿಂದ ಭವನಕ್ಕೆ ಬೀಗ ಎಂದು ಕೋಫಿ ಎಲ್ಲರಿಗೂ ಹೇಳಿದರು. ಅಂದೂ ನಾನು ಅಬೆನಾಳ ಕೆನ್ನೆ ಹಿಂಡಿ ‘ಇಕ್ ಕೋಮ್’ ಅಂದು ಬಂದೆ. ಮರು ಶನಿವಾರ ಕೋಫಿಯವರ ಫೋನು: ಅಬೆನಾ ಎರಡು ತಾಸಿನಿಂದ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾಳೆ, ನೀನು ಬರುತ್ತೇನೆ ಅಂದಿದ್ದೆಯಂತೆ.

ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, “ಇಲ್ಲಿ ಬರ್ತೀನಿ ಅಂದ್ರ ಬರ್ಲೇಬೇಕು ಮಾರಾಯ್ತಿ. ಸುಮ್ನ ಅನ್ನೋದಲ್ಲ,” ಅಂದರು.

ಸೈಕಲ್ ತುಳಿದುಕೊಂಡು ಹೋದೆ. ಚಳಿಗೆ ಹುಡುಗಿ ನಡುಗುತ್ತಿದ್ದಳು. ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಹೋಗುವಾಗ ಹೀಗೇ ಅನ್ನುತ್ತೇವೆ ಎಂದು ತಪ್ಪು ಡಚ್‌ನಲ್ಲಿ ತಿಳಿಸಿ ಹೇಳಿದೆ.

“ಹಾಗಾದ್ರೆ ಬರೋದಿಲ್ವಾ?” ಅಂತ ಕೇಳಿದಳು.

“ಬರ್ತೀವಿ. ಯಾವಾಗ ಅಂತ ಹೇಳೋದಿಲ್ಲ, ಅಷ್ಟೇ.”

ವಸಂತದಲ್ಲಿ ಮಕ್ಕಳಿಗೆ ಬಯಲಲ್ಲಿ ಆಡಲು ಬಿಟ್ಟರು. ಕಲಿಸುವವರು ಮಾತ್ರ ಒಂದೂವರೆ ಮೀಟರ್ ದೂರ. ಕೈಯಾಸರೆ ಕೊಡದೆ ಲಾಗ ಕಲಿಸುವುದು ಹೇಗೆ? ಅಬೆನಾ ಹುಲ್ಲಿನ ಮೇಲೆ ನಿಂತು, ಹೊರಳಿ ನನ್ನ ಕೈ ನೋಡಿ, ಸುಮ್ಮನಾಗುವಳು. ವಾರಗಟ್ಟಲೆ ಇದೇ ಆಯಿತು. ಇನ್ನೊಂದು ಶನಿವಾರವಷ್ಟೇ, ಆಮೇಲೆ ಬರುವುದೇ ಇಲ್ಲ ಎಂದು ಕೋಫಿಯವರಿಗೆ ಹೇಳಿದಳಂತೆ. ಮುಂದಿನ ಶನಿವಾರ ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಳ ಬೆನ್ನ ಕಡೆ ನಿಂತು, ಕನ್ನಡದಲ್ಲೇ ಕರೆದೆ.

“ಬಾ.”

ಹಾರಿದಳು. ಮೊಣಕಾಲೂರಿ ಇಳಿದಳು, ಮೈಯೆಲ್ಲ ಕೆಸರು, ಎದ್ದು ನಕ್ಕಳು. ಓಡಿಹೋಗಿ ಅಪ್ಪಿಕೊಳ್ಳುವಂತಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ.

ವಿಮಾನಗಳು ಮತ್ತೆ ಶುರುವಾದ ಮೇಲೆ ಊರಿಗೆ ಹೊರಟೆ. ‘ಇಕ್ ಕೋಮ್’ ಅಂದೆ. ಅಬೆನಾ ಫೋನಿನ ಕ್ಯಾಲೆಂಡರ್ ತೆರೆದು ಮುಂದೆ ಹಿಡಿದಳು. “ಯಾವಾಗ?” ದಿನ ಹೇಳಿದೆ, ಬರೆದುಕೊಂಡಳು.

ಬಾಗಲಕೋಟೆಯಲ್ಲಿ ಹದಿನೈದು ದಿನ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆದವು. ಹೊರಡುವಾಗ ಅಣ್ಣನಿಗೆ, “ಬರ್ತೀನಿ,” ಅಂದೆ.

“ಹೂಂ, ಹೋಗಿ ಬಾ,” ಅಂದ.

ಯಾವಾಗ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಹತ್ತಿರ ದಿನ ಇರಲಿಲ್ಲ.